ಒಪ್ಪತ್ತು ಹಿಡಿದವರೂ ಸೋಡ ಬಿಡಲಾರರು

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಇಳಿದವನ ದಾಹ ಕೇಳುವುದು ಕೋಲಾವನ್ನೋ, ನೀರನ್ನೋ? ಪ್ಲೇಟೊ ‘ರಿಪಬ್ಲಿಕ್’ನ ನಾಲ್ಕನೆಯ ಭಾಗದಲ್ಲಿ ಹೆಚ್ಚುಕಡಿಮೆ ಇದನ್ನೇ ಚರ್ಚಿಸುತ್ತಾನೆ. ದಾಹಕ್ಕೆ ಬೇಕಾದದ್ದು ಕುಡಿಯಲು ಏನಾದರೊಂದು, ಅಷ್ಟೇ. ಬಿಸಿಯೋ ತಣ್ಣಗೋ ಎಂಬುದೆಲ್ಲ ಆಮೇಲೆ ಬಂದು ಸೇರಿಕೊಳ್ಳುವ ಬಯಕೆ. ಬಾಯಾರಿದ್ದರೂ ಕುಡಿಯಲೊಲ್ಲದವರು ಇರುತ್ತಾರಾದ್ದರಿಂದ, ‘ಕುಡಿ’ ಎನ್ನುವುದೊಂದು, ‘ಬೇಡ’ ಎನ್ನುವುದೊಂದು ನಮ್ಮೊಳಗೆ ಬೇರೆಬೇರೆಯಾಗಿಯೇ ಇವೆ ಎಂದು ಅವನ ವಾದ. ದಿನಾ ಸೋಡ ಕುಡಿಯುವುದನ್ನು ಬಿಡಿ ಎಂದು ಹೇಳುವವರೆಲ್ಲ ಈ ‘ಬೇಡ’ವನ್ನೇ ನೆಚ್ಚಿಕೊಂಡಿದ್ದಾರೆ.

ಅವರ ಲೆಕ್ಕವೇನೂ ತಪ್ಪಲ್ಲ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗೂ ಮೀರಿದ ಸಕ್ಕರೆ ಇರುತ್ತದೆ, ಏಳೆಂಟು ಚಮಚ. ಬೆರೆಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಒಂದೇ ಬಾಟಲಿಗೆ ಅದು ದಾಟಿತು. ನಿಂಬೆ ಹಿಂಡಿ ಉಪ್ಪು ಹಾಕಿದ ಗೋಲಿಸೋಡವನ್ನು ಮಾತ್ರ ಈ ಅಪರಾಧಿಗಳ ಸಾಲಿಗೆ ಸೇರಿಸಬಾರದು. ಕೆಡುಕು ಗುಳ್ಳೆಯಲ್ಲಿಲ್ಲ, ಸಕ್ಕರೆಯಲ್ಲಿದೆ. ಅದಕ್ಕಿಂತ ಹೆಚ್ಚಾಗಿ ‘ದಿನಾ’ ಎಂಬುದರಲ್ಲಿದೆ. ರಾಮನವಮಿಯ ಪಾನಕವೂ ಸಿಹಿಯೇ, ಆದರೆ ಅದಕ್ಕೆ ವರ್ಷ ಕಾಯಬೇಕು. ಕಲರ್ ಸೋಡ ಕುಡಿಯಲು ಹಿಂದೆ ಜಾತ್ರೆಯೇ ಬರಬೇಕಿತ್ತು. ಹತ್ತು ರೂಪಾಯಿಯ ಬಾಟಲಿ ಬಂದ ಮೇಲೆ ಪ್ರತಿ ಅಂಗಡಿಯ ಮುಂದೆ ಮಧ್ಯಾಹ್ನ ಮೂರಕ್ಕೆ ಜಾತ್ರೆ.

ಹಾಗಿದ್ದರೆ ಬಿಡಲು ಕಷ್ಟವೇನು? ಮನೋಬಲ ಸಾಲದು ಎಂಬ ಉತ್ತರವನ್ನು ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ನಿಂತು ಹೇಳಲಾಗದು. ಪಾವಗಡದ ಶನಿಮಹಾತ್ಮನಿಗೆ ನಡೆದುಕೊಳ್ಳುವವರಲ್ಲಿ ಶನಿವಾರ ಒಪ್ಪತ್ತು ಮಾಡುವವರಿದ್ದಾರೆ. ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಗೆ ಸೌರಫಲಕ ಹಾಸುವಷ್ಟು ಬಿಸಿಲಿರುವ ಸೀಮೆಯಲ್ಲಿ, ಹೊಲದಲ್ಲಿ ಶೇಂಗಾ ಕಿತ್ತು ಬಂದು, ಅನ್ನ ಮುಟ್ಟದೆ ಇರುವುದು ಸಣ್ಣ ಮಾತಲ್ಲ. ಅಂಥವರೇ ಭಾನುವಾರ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ಮನೋಬಲ ರಾತ್ರಿ ಬೆಳಗಾಗುವುದರೊಳಗೆ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಒಪ್ಪತ್ತಿಗೆ ಮನೆಯೇ ಬೆನ್ನಿಗಿರುತ್ತದೆ. ಮನೆಯವರು ಅಡುಗೆಯನ್ನೇ ಅದಕ್ಕೆ ಹೊಂದಿಸುತ್ತಾರೆ, ‘ಇವತ್ತು ಶನಿವಾರ’ ಎಂದರೆ ಯಾರೂ ಬಲವಂತ ಮಾಡುವುದಿಲ್ಲ, ಸಂಜೆಗೆ ಫಲಾಹಾರ ಕಾದಿರುತ್ತದೆ. ಸೋಡ ಬಿಡುವವನಿಗೆ ವಾರವೂ ಇಲ್ಲ, ದೇವರೂ ಇಲ್ಲ, ಅಡುಗೆಮನೆಯೂ ಇಲ್ಲ. ಸಂಯಮವನ್ನು ನಾವು ಒಬ್ಬನ ಗುಣವೆಂದು ಹೊಗಳುತ್ತೇವೆ. ನಾಲ್ಕು ಜನ ಸೇರಿ ಅದನ್ನು ಎತ್ತಿ ಹಿಡಿದಿರುವುದು ನಮಗೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನೀರು. ‘ಸೋಡ ಬದಲು ನೀರು ಕುಡಿಯಿರಿ’ ಎನ್ನುವ ಮಾತು ಬೆಂಗಳೂರಿನಲ್ಲಿ ಸರಾಗ. ಪಾವಗಡ, ಶಿರಾ, ಮಧುಗಿರಿಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಸೇರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಎಂಬುದು ನಮ್ಮ ದೇಶದ ಮಾನಕ. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತದೆ, ದೊಡ್ಡವರ ಮೂಳೆ ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಅದೇ ನೀರಿಗೆ ಅನಿಲ ತುಂಬಿ ಗೋಲಿಸೋಡ ಮಾಡಿದರೂ ಅಲ್ಲೇ ಇರುತ್ತದೆ. ಪ್ಲೇಟೊನ ‘ಬೇಡ’ ಇಲ್ಲಿ ಬಾಟಲಿಗಷ್ಟೇ ಅಲ್ಲ, ನಲ್ಲಿಗೂ ಅನ್ವಯಿಸುತ್ತದೆ. ವಿವೇಕ ಎರಡನ್ನೂ ನಿರಾಕರಿಸಿದ ಮೇಲೆ ದಾಹ ಏನು ಮಾಡಬೇಕೆಂದು ಆತ ಹೇಳಲಿಲ್ಲ. ಅಥೆನ್ಸಿನವನಿಗೆ ಆ ಸಂದೇಹ ಬರಲಿಲ್ಲವೇನೋ.

ನಮ್ಮ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ಕಾಯಿನ್ ಹಾಕಬೇಕು, ಇಪ್ಪತ್ತು ಲೀಟರಿನ ಕ್ಯಾನ್ ತುಂಬುವವರೆಗೆ ನಿಲ್ಲಬೇಕು, ಟಿವಿಎಸ್ ಎಕ್ಸೆಲ್‌ನ ಮುಂದೆ ಇಟ್ಟುಕೊಂಡು ಮನೆಗೆ ಬರಬೇಕು. ಘಟಕ ಕೆಟ್ಟರೆ ಪಕ್ಕದೂರಿಗೆ. ಕಂಪನಿಯವರು ಅಂಗಡಿಗೆ ಕೊಟ್ಟ ಗಾಜಿನ ಫ್ರಿಜ್ಜು ಕೆಟ್ಟರೆ ಅವರೇ ಬಂದು ರಿಪೇರಿ ಮಾಡಿಸುತ್ತಾರೆ, ಏಕೆಂದರೆ ಅದು ನಿಂತರೆ ಅವರಿಗೆ ನಷ್ಟ. ನೀರಿನ ಘಟಕ ನಿಂತರೆ ನಷ್ಟ ಯಾರಿಗೆಂದು ಬರೆದಿಟ್ಟಿರುವುದಿಲ್ಲ. ಈ ಎರಡು ಯಂತ್ರಗಳ ನಡುವೆ ನಿಂತವನಿಗೆ ಸಂಯಮ ಬೋಧಿಸುವುದು ಸ್ವಲ್ಪ ನಾಚಿಕೆಯ ಕೆಲಸ.

ಇದು ಚಟಕ್ಕೆ ಸಮರ್ಥನೆಯಾಯಿತಲ್ಲ ಎಂದು ಕೇಳಬಹುದು. ಪೂರ್ತಿ ಅಲ್ಲ. ಘಟಕ ಚೆನ್ನಾಗಿ ನಡೆಯುವ ಊರಿನವನೂ, ಮನೆಯಲ್ಲಿ ಕಡೆದ ಮಜ್ಜಿಗೆ ಇರುವವನೂ ಅಂಗಡಿಗೆ ಹೋಗುತ್ತಾನೆ. ಅವನಿಗೆ ನೆಪವಿಲ್ಲ. ಕೋಲಾದಲ್ಲಿ ಕೆಫೀನ್ ಇರುವುದರಿಂದ ಬಿಟ್ಟ ಹೊಸದರಲ್ಲಿ ಕೆಲವು ದಿನ ತಲೆನೋವು ಬಂದೀತು, ಅದನ್ನು ಅವನೇ ತಡೆದುಕೊಳ್ಳಬೇಕು. ಆದರೆ ಆ ದಿನಗಳು ಕಳೆದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ, ಅದು ಅವನ ಕೈಯಲ್ಲಿಲ್ಲ. ಕೊರಟಗೆರೆಯ ನೆಂಟರ ಮನೆಗೆ ಹೋದನೆನ್ನಿ. ಹುಡುಗ ಅಂಗಡಿಗೆ ಓಡಿ ದೊಡ್ಡ ಬಾಟಲಿ ತಂದಾಗಿದೆ, ಸ್ಟೀಲ್ ಲೋಟಗಳು ತಟ್ಟೆಯಲ್ಲಿ ಬಂದಾಗಿದೆ. ಬೇಡ ಎಂದರೆ ಅತ್ತೆ ಕೇಳುವುದು ಒಂದೇ ಮಾತು: “ಯಾಕಪ್ಪ, ಶುಗರ್ ಬಂದೈತಾ?” ಹೌದು ಎಂದರೆ ಮರುಮಾತಿಲ್ಲದೆ ಲೋಟ ಒಳಗೆ ಹೋಗುತ್ತದೆ. ಇಲ್ಲ, ಬರದೇ ಇರಲಿ ಅಂತಲೇ ಬಿಟ್ಟಿದ್ದೀನಿ ಎಂದರೆ ಬೇಸರ: “ಒಂದು ಲೋಟಕ್ಕೆ ಏನಾಯ್ತದೆ, ಕುಡಿ.”