ದೀಪದ ಎಣ್ಣೆಯ ಲೆಕ್ಕ

ಅಗ್ಗ ಎಂಬ ಮಾತಿಗೆ ನಾವು ಹೆಂಗಸರು ಬೇಗ ಕಿವಿಗೊಡುತ್ತೇವೆ. ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ತಿಂಗಳ ಕಡೆಯ ವಾರವನ್ನು ಹೇಗೋ ದಾಟಿಸಿದವರಿಗೆ ಹತ್ತು ರೂಪಾಯಿಯ ಬೆಲೆ ಗೊತ್ತಿರುತ್ತದೆ. ಅಗ್ಗಕ್ಕೆ ಸಿಕ್ಕ ಬಾಡಿಗೆ ಮನೆಯ ನಿಜವಾದ ಬಾಡಿಗೆ ತಿಳಿಯುವುದು ಕೊಡ ಹೊತ್ತು ಬೀದಿಯ ತುದಿಯ ನಲ್ಲಿಗೆ ನಡೆಯತೊಡಗಿದ ಮೇಲೆ ಎಂಬುದೂ ಗೊತ್ತಿರುತ್ತದೆ. ಯಾವುದು ಅಗ್ಗ ಎಂಬ ಈ ಹಳೆಯ ಪ್ರಶ್ನೆ ಕಳೆದ ವರ್ಷ ನನ್ನ ಮುಂದೆ ಬೇರೊಂದು ವೇಷದಲ್ಲಿ ಬಂತು. ಈ ಸಲ ಮನೆ ಹುಡುಕಬೇಕಾಗಿದ್ದದ್ದು ನಮಗಲ್ಲ, ಹಾಡುಗಳಿಗೆ.

ನಂಜನಗೂಡಿನಲ್ಲಿ ನಾವು ಆರು ಜನ, ಟಿ. ನರಸೀಪುರದಲ್ಲಿ ನನ್ನ ನಾದಿನಿಯೂ ಸೇರಿ ಐದು ಜನ, ಬಿಡುವಾದಾಗಲೆಲ್ಲ ಹಳ್ಳಿಗಳಿಗೆ ಹೋಗಿ ಹಿರಿಯ ಹೆಂಗಸರಿಂದ ಕೇಳಿ ಬರೆದುಕೊಳ್ಳುತ್ತಿದ್ದೆವು. ಸೋಬಾನೆ, ಲಾಲಿ, ರಾಗಿ ಬೀಸುವ ಪದ, ಬಾಣಂತಿಯ ಪಥ್ಯ, ಒಲೆ ಒರಳಿನ ಸುತ್ತಿನ ಹಳೆಯ ಮಾತುಗಳು. ನೋಟ್‌ಪುಸ್ತಕಗಳು ತುಂಬಿದವು. ಆದರೆ ನೋಟ್‌ಪುಸ್ತಕ ಯಾರ ಮನೆಯಲ್ಲಿದೆಯೋ ಅವರದೇ ಆಗಿಬಿಡುತ್ತದೆ. ನಂಜನಗೂಡಿನ ಕಡೆಯ ಹಾಡಿಗೆ ನರಸೀಪುರದ ಕಡೆ ಇನ್ನೆರಡು ನುಡಿ ಹೆಚ್ಚಿದ್ದರೆ ಸೇರಿಸುವುದು ಎಲ್ಲಿ? ನಮ್ಮೂರ ಕಪಿಲೆ ಹರಿದುಹೋಗಿ ಕಾವೇರಿಯನ್ನು ಸೇರುವುದು ಅವರೂರಿನಲ್ಲಿ; ಹಾಡುಗಳೂ ಹಾಗೆಯೇ ಹೋಗಿ ಸೇರಿಕೊಂಡಿವೆ. ಆಗ ಮೈಸೂರಿನಲ್ಲಿ ಕಂಪ್ಯೂಟರ್ ಓದುವ ನಾದಿನಿಯ ಮಗಳು, "ಅತ್ತೆ, ನಿಮಗೆ ಬೇಕಾಗಿರೋದು ವಿಕಿ" ಎಂದಳು.

ವಿಕಿ ಎಂದರೆ ಹವಾಯಿ ಭಾಷೆಯಲ್ಲಿ ಬೇಗ ಎಂದರ್ಥವಂತೆ. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದವರು 1995ರಲ್ಲಿ ಮೊದಲ ವಿಕಿಯನ್ನು ತೆರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ತಿದ್ದುವ ಮೊದಲಿನದೂ ಅಳಿಸಿಹೋಗದೆ ಹಿಂದೆ ಉಳಿದಿರುತ್ತದೆ. ಅತ್ತೆ ಸೊಸೆ ಒಂದೇ ಸಾರಿಗೆ ಒಗ್ಗರಣೆ ಹಾಕಿದರೂ ಯಾರದು ಯಾವುದು ಎಂದು ತಿಳಿಯುವ ಹಾಗೆ! ಇದೇ ಬಗೆಯ ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಜಾಹೀರಾತಿಲ್ಲ, ಬರೆಯುವವರಿಂದ ಬಾಡಿಗೆ ಕೇಳುವುದಿಲ್ಲ. ಲಕ್ಷಾಂತರ ಜನರ ಸಣ್ಣ ಸಣ್ಣ ಕಾಣಿಕೆಯಿಂದಲೇ ಹೆಚ್ಚಾಗಿ ಅದು ನಡೆಯುತ್ತದೆ. ಅಲ್ಲೇ ಏಕೆ ಇಡಬಾರದು ಎಂದು ನಾನೂ ಕೇಳಿದೆ. ಆದರೆ ಅಲ್ಲಿ ಬರೆಯುವ ಮಾತಿಗೆ ಎಲ್ಲೋ ಒಂದು ಕಡೆ ಅಚ್ಚಾದ ಆಧಾರ ಬೇಕು. ಅಜ್ಜಿಯ ಬಾಯಿ ಅಚ್ಚಾದ ಪುಸ್ತಕವಲ್ಲ. ಆ ನಿಯಮವನ್ನು ನಾನು ದೂರುವುದಿಲ್ಲ. ವಿಶ್ವಕೋಶ ಎಂದ ಮೇಲೆ ಅಷ್ಟು ಕಟ್ಟುನಿಟ್ಟು ಇರಲೇಬೇಕು. ನಮ್ಮ ಹಾಡಿಗೆ ನಾವೇ ಬೇರೆ ಜಾಗ ನೋಡಬೇಕಾಯಿತು, ಅಷ್ಟೆ.

ಜಾಗ ಎಂದರೆ ಸರ್ವರ್. ಹಗಲು ರಾತ್ರಿ ಆರದೆ ಉರಿಯುವ, ಯಾರು ಯಾವಾಗ ಕೇಳಿದರೂ ಪುಟ ತೆಗೆದುಕೊಡುವ ಕಂಪ್ಯೂಟರು. ಅದರಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯುವುದೇ ಹೋಸ್ಟಿಂಗ್. ನಮಗೆ ಎಷ್ಟು ಜಾಗ ಬೇಕು ಎಂದು ಮೊದಲು ಲೆಕ್ಕ ಹಾಕಿದೆವು. ಕಂಪ್ಯೂಟರಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒತ್ತು ಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟ್ ಹಿಡಿಯುತ್ತದೆ. ಸಾವಿರ ಚಿಹ್ನೆಗಳ ಒಂದು ಹಾಡಿಗೆ ಮೂರು ಸಾವಿರ ಬೈಟ್. ಅಂಥ ಸಾವಿರ ಹಾಡು ಸೇರಿದರೂ ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು ಆಗುತ್ತದೆ! ಇದು ಗೊತ್ತಾದ ದಿನ ನಮ್ಮವರೆಲ್ಲ ನಕ್ಕುಬಿಟ್ಟರು. ನೂರಾರು ವರ್ಷ ಹೆಂಗಸರು ಹಾಡಿದ್ದು ಒಂದು ಸೆಲ್ಫಿಯಷ್ಟು ಜಾಗಕ್ಕೆ ಸಾಕು. "ಮಿತಿಯಿಲ್ಲದ ಸ್ಥಳ" ಎಂದು ಕೂಗುವ ಕಂಪೆನಿಗಳ ಮಾತು ನಮಗೆ ಬೇಕಿರಲೇ ಇಲ್ಲ.

ಪುಕ್ಕಟೆ ಕೊಡುವವರೂ ಇದ್ದಾರೆ. ಆದರೆ ಸೋಬಾನೆಯ ಪಕ್ಕದಲ್ಲಿ ಸಾಲದ ಆ್ಯಪಿನ ಜಾಹೀರಾತು ಕುಣಿಯುತ್ತದೆ. ಅದನ್ನಾದರೂ ಸಹಿಸಬಹುದು, ಅವರು ಅಂಗಡಿ ಮುಚ್ಚಿದರೆ? ಯಾಹೂ ಕಂಪೆನಿಯ ಜಿಯೋಸಿಟೀಸ್‌ನಲ್ಲಿ ಲಕ್ಷಗಟ್ಟಲೆ ಜನ ಪುಕ್ಕಟೆಯಾಗಿ ಪುಟ ಕಟ್ಟಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಕಂಪೆನಿ ಅದನ್ನು ಮುಚ್ಚಿತು. ಮೊದಲೇ ತಿಳಿಸಿತ್ತು, ನಿಜ. ಆದರೆ ತಿಳಿವಳಿಕೆ ಪತ್ರ ಓದದವರು, ಅಷ್ಟರಲ್ಲಿ ತೀರಿಕೊಂಡವರು ಏನು ಮಾಡಬೇಕು? ಬಾಡಿಗೆ ಕೊಡದವರಿಗೆ ಕೇಳುವ ಹಕ್ಕೂ ಕಡಿಮೆ. ನಾದಿನಿಯ ಮಗಳು ಇನ್ನೊಂದು ದಾರಿಯನ್ನೂ ಹೇಳಿದಳು: ಇಡೀ ಒಂದು ಸಣ್ಣ ಸರ್ವರನ್ನೇ ನಮ್ಮದಾಗಿ ಹಿಡಿಯುವುದು. ಬೆಲೆ ತೀರ ಹೆಚ್ಚೇನಲ್ಲ. ಆದರೆ ಅಲ್ಲಿ ಬೀಗ, ಕಾವಲು, ರಿಪೇರಿ ಎಲ್ಲವೂ ನಮ್ಮ ಮೇಲೆ. ಅವಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಆ ಕೆಲಸ ಯಾರು ಮಾಡುವವರು ಎಂದು ಅಲ್ಲಿಗೇ ಬಿಟ್ಟೆವು.

ಕಡೆಗೆ ಉಳಿದದ್ದು ಹತ್ತಾರು ಜನರ ಜೊತೆ ಹಂಚಿಕೊಳ್ಳುವ ಸಾಧಾರಣ ಹೋಸ್ಟಿಂಗ್. ವಠಾರದ ಮನೆ ಅನ್ನಿ. ಒಂದು ಕಂಪೆನಿಯ ಜಾಹೀರಾತು ತಿಂಗಳಿಗೆ 79 ರೂಪಾಯಿ ಎಂದಿತ್ತು. ಓದುತ್ತ ಹೋದರೆ, ಮೂರು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ ಮಾತ್ರ 79. ನಾಲ್ಕನೆಯ ವರ್ಷದಿಂದ 199. ಅದರ ಮೇಲೆ ಶೇಕಡ 18 ಜಿಎಸ್‌ಟಿ. ವೆಬ್‌ಸೈಟಿನ ಹೆಸರಿಗೆ ಬೇರೆ ವಾರ್ಷಿಕ ಶುಲ್ಕ. ಚೀಟಿ ಹಾಕಿ ಅನುಭವವಿರುವ ನಮ್ಮ ಗುಂಪಿಗೆ ಇದು ಹೊಸದೇನಲ್ಲ. ಮೊದಲ ಕಂತನ್ನು ನೋಡಿ ಚೀಟಿ ಹಾಕುವವಳು ಯಾರು? ನಾನು 199ರ ಲೆಕ್ಕವನ್ನೇ ಬರೆದೆ. ತೆರಿಗೆ, ಹೆಸರಿನ ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಸಾವಿರದ ಒಳಗೆ ಬಂತು.

ಈ ಹಂತದಲ್ಲಿ ನಮ್ಮ ಭಾವನವರು ಕೇಳಿದರು: "ಇಷ್ಟೆಲ್ಲ ತಲೆನೋವು ಯಾಕಮ್ಮ? ಪುಕ್ಕಟೆ ಜಾಗದಲ್ಲಿ ಹಾಕಿಬಿಡಿ. ಹೋದರೆ ಹೋಯ್ತು. ನೀವು ಬರೆದುಕೊಳ್ಳದಿದ್ದರೂ ಅವು ಹೋಗ್ತಿದ್ದವು ತಾನೆ?"

ಈ ಮಾತನ್ನು ನಾನು ಬಹಳ ದಿನ ಯೋಚಿಸಿದೆ. ಅದರಲ್ಲಿ ನ್ಯಾಯವಿದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇದ್ದದ್ದನ್ನು ಇಲಿ ತಿಂದರೆ ಯಾರನ್ನೂ ದೂರುವ ಹಾಗಿಲ್ಲ. ಆದರೆ "ಕೊಡಿ, ನಾನು ಇಟ್ಟುಕೊಂಡಿರ್ತೀನಿ" ಎಂದು ಕೈಯೊಡ್ಡಿ ಪಡೆದ ಮೇಲೆ ಇಲಿ ತಿಂದರೆ ಅದು ಬೇರೆಯೇ ಸಂಗತಿ. ನರಸೀಪುರದ ಹತ್ತಿರದ ಹಳ್ಳಿಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಎರಡು ಮಧ್ಯಾಹ್ನ ಕೂತು ಹಾಡಿದ್ದರು. ಎದ್ದು ಬರುವಾಗ ಅವರು ದುಡ್ಡು ಕೇಳಲಿಲ್ಲ, ಹೆಸರು ಹಾಕಿ ಅನ್ನಲಿಲ್ಲ. "ನಾ ಹೋದ್ ಮ್ಯಾಲೂ ಇರ್ತದೇನವ್ವಾ?" ಎಂದಷ್ಟೇ ಕೇಳಿದರು. ನಾನು ಹೂಂ ಅಂದಿದ್ದೆ. ಆ ಹೂಂ ಎಂಬ ಒಂದಕ್ಷರಕ್ಕೆ ವರ್ಷಕ್ಕೆ ಎಷ್ಟು ಖರ್ಚು ಎಂಬುದೇ ನಿಜವಾಗಿ ನಾವು ಹಾಕುತ್ತಿದ್ದ ಲೆಕ್ಕ.

ನಮ್ಮ ಹಿಂದಿನವರು ಈ ಲೆಕ್ಕದಲ್ಲಿ ನಮಗಿಂತ ಜಾಣರು. ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ 1894ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಮ್ಮ ನಾಡಿನ ಶಾಸನಗಳಲ್ಲಿ ಗುಡಿ ಕಟ್ಟಿಸಿದವರ ಮಾತು ಎಷ್ಟೋ, ದೀಪದ ಎಣ್ಣೆಗೆ ಬಿಟ್ಟವರ ಮಾತೂ ಅಷ್ಟೇ ಇದೆ. ನಂದಾದೀಪಕ್ಕೆಂದು ಗದ್ದೆ, ಗಾಣಕ್ಕೆ ಇಷ್ಟು ಎಣ್ಣೆ, ಅದನ್ನು ಕಿತ್ತುಕೊಂಡವನಿಗೆ ಶಾಪ. ಗುಡಿ ಒಂದು ಸಲದ ಖರ್ಚು, ಎಣ್ಣೆ ದಿನದಿನದ್ದು ಎಂದು ಅವರಿಗೆ ಗೊತ್ತಿತ್ತು. ಬರೀ ಕಲ್ಲನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ತಾಲ್ಲೂಕಿನ ತಲಕಾಡಿದೆ. ಮರಳು ತೆಗೆಯುವವರಿದ್ದರೆ ದೇವರ ದರ್ಶನ, ಇಲ್ಲದಿದ್ದರೆ ಇಲ್ಲ.

ನಮಗೂ ಒಬ್ಬ ದಾನಿ ಸಿಕ್ಕಿದರು. ಅಕ್ಕಿ ಗಿರಣಿಯವರು, ಒಳ್ಳೆಯ ಮನುಷ್ಯರು. ಹತ್ತು ವರ್ಷದ ಹಣವನ್ನು ಒಂದೇ ಸಲ ಕೊಡುತ್ತೇನೆ, ತಾಯಿಯ ಹೆಸರು ಮೊದಲ ಪುಟದಲ್ಲಿರಲಿ, ಹೋಸ್ಟಿಂಗ್ ಖಾತೆ ನಮ್ಮ ಆಫೀಸಿನ ಹೆಸರಿನಲ್ಲಿರಲಿ ಎಂದರು. ಗುಂಪಿನಲ್ಲಿ ದೊಡ್ಡ ಚರ್ಚೆಯಾಯಿತು. ಹೆಸರು ಹಾಕಿಸಿಕೊಳ್ಳುವುದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಗುಡಿಯ ಗಂಟೆಯ ಮೇಲೂ ಹೆಸರಿರುತ್ತದೆ, ಗಂಟೆಯ ನಾದವೇನೂ ಕೆಡುವುದಿಲ್ಲ. ಆದರೆ ಖಾತೆ ಯಾರ ಹೆಸರಿನಲ್ಲಿದೆಯೋ ಬೀಗದ ಕೈ ಅವರದು. ನಾಳೆ ಅವರ ಮಕ್ಕಳಿಗೆ ಇದು ಬೇಡವೆನಿಸಿದರೆ ಅಜ್ಜಿಗೆ ಹೂಂ ಅಂದ ನಾನು ಅವರ ಬಾಗಿಲಲ್ಲಿ ನಿಂತು ಬೇಡಬೇಕು. ಹೆಸರು ಇಡುತ್ತೇವೆ, ಖಾತೆ ನಮ್ಮಲ್ಲೇ ಇರಲಿ ಎಂದೆವು. ಅವರಿಗೆ ಅದು ಹಿಡಿಸಲಿಲ್ಲ. ಕಾಫಿ ಕುಡಿದು, ನಗುನಗುತ್ತಲೇ ಬೀಳ್ಕೊಂಡೆವು.

ಕೊನೆಗೆ ತಲೆಗೆ ತಿಂಗಳಿಗೆ ಮೂವತ್ತು ರೂಪಾಯಿ ಎಂದು ಗೊತ್ತುಮಾಡಿದೆವು. ಹನ್ನೊಂದು ಜನಕ್ಕೆ ವರ್ಷಕ್ಕೆ 3,960 ಆಗುತ್ತದೆ. ಹಾಡಿದವರಿಂದ ಒಂದು ಪೈಸೆಯೂ ಕೇಳಕೂಡದು, ಅವರು ಕೊಡಬೇಕಾದ್ದನ್ನು ಆಗಲೇ ಕೊಟ್ಟಾಗಿದೆ ಎಂದು ನಾನು ಹಟ ಹಿಡಿದೆ. ವಿಕಿಗೆ ಡೋಕುವಿಕಿ ಎಂಬ ಸಾಫ್ಟ್‌ವೇರ್ ಆರಿಸಿದೆವು. 2004ರಿಂದ ಇರುವಂಥದ್ದು, ಪುಕ್ಕಟೆ. ವಿಕಿಪೀಡಿಯ ಬಳಸುವ ಮೀಡಿಯಾವಿಕಿಯ ಹಾಗೆ ಅದಕ್ಕೆ ಡೇಟಾಬೇಸ್ ಬೇಕಿಲ್ಲ. ಪ್ರತಿ ಪುಟವೂ ಒಂದು ಸಾದಾ ಬರಹದ ಕಡತವಾಗಿರುತ್ತದೆ. ನಾಳೆ ಕಂಪೆನಿ ಮುಚ್ಚಿದರೂ, ಡೋಕುವಿಕಿಯೇ ನಿಂತುಹೋದರೂ, ಆ ಕಡತವನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆದು ಓದಬಹುದು. ಅಗ್ಗದ ಮನೆ ಹಿಡಿಯುವಾಗ ಸಾಮಾನು ಸುಲಭವಾಗಿ ಎತ್ತಿಕೊಂಡು ಹೊರಡುವ ಹಾಗಿರಬೇಕಲ್ಲವೆ?

ಪ್ರತಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಜಗಳವಾಯಿತು. ಕಂಪೆನಿಯೇ ಬ್ಯಾಕಪ್ ಇಡುತ್ತದೆ, ನಮಗೇಕೆ ಎಂದರು ಕೆಲವರು. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ದೊಡ್ಡ ಹೋಸ್ಟಿಂಗ್ ಕಂಪೆನಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಎರಡೂ ಇಲ್ಲವಾದವು. ಇದನ್ನು ಹೇಳಿದ ಮೇಲೆ ತಿಂಗಳಿಗೊಮ್ಮೆ ಪೂರ್ತಿ ಪ್ರತಿ ತೆಗೆದು, ನಮ್ಮ ಮನೆಯಲ್ಲೊಂದು ಪೆನ್‌ಡ್ರೈವ್, ನರಸೀಪುರದ ನಾದಿನಿಯ ಮನೆಯಲ್ಲೊಂದು ಎಂದಾಯಿತು. ಆಗ ಗುಂಪಿನ ಅತ್ಯಂತ ಹಿರಿಯರು, "ಎರಡೂ ಊರು ಕಪಿಲೆ ದಂಡೇಲೇ ಇದಾವಲ್ರೇ" ಎಂದರು. 2019ರ ಆಗಸ್ಟಿನ ಪ್ರವಾಹ ಎಲ್ಲರಿಗೂ ನೆನಪಿತ್ತು. ಮೂರನೆಯ ಪ್ರತಿ ಮೈಸೂರಿಗೆ ಹೋಯಿತು.

ಹೋಸ್ಟಿಂಗ್ ಅವಧಿ ಮುಗಿಯುವ ತಾರೀಖು, ಹೆಸರಿನ ಶುಲ್ಕ ಕಟ್ಟುವ ತಾರೀಖು, ಎರಡನ್ನೂ ಎರಡು ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿದ್ದೇವೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ಮತ್ತು ಹಾಲಿನ ಲೆಕ್ಕದ ಪಕ್ಕದಲ್ಲಿ. ಪಾಸ್‌ವರ್ಡ್ ಬರೆದ ಚೀಟಿ ಸದ್ಯಕ್ಕೆ ನನ್ನ ಬೀರುವಿನಲ್ಲಿದೆ. ನನ್ನ ನಂತರ ಅದು ಯಾರ ಬೀರುವಿಗೆ ಹೋಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ತಿಂಗಳು ನರಸೀಪುರದಲ್ಲಿ ಸೇರಿದಾಗ ಕೇಳಬೇಕು.