ಮನೆಗೇ ಮರಳುವ ದಾರಿ

ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೂ ಆ ಪ್ರಶ್ನೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ದಾರಿಯೆಂದ ಮೇಲೆ ಅದಕ್ಕೊಂದು ಗುರಿಯಿರಬೇಕು, ಪಯಣವೆಂದ ಮೇಲೆ ಅದರಿಂದೊಂದು ಪ್ರಯೋಜನವಾಗಬೇಕು ಎಂಬುದು ನಮ್ಮೆಲ್ಲರ ನಂಬಿಕೆ. ಹೀಗಿರುವಾಗ, ಮುಂಜಾನೆ ಮನೆಯಿಂದ ಹೊರಟು, ಐವತ್ತು ಅರವತ್ತು ಕಿಲೋಮೀಟರ್ ಬೆವರು ಸುರಿಸಿ ಸೈಕಲ್ ತುಳಿದು, ಮಧ್ಯಾಹ್ನದ ಹೊತ್ತಿಗೆ ಅದೇ ಹೊಸ್ತಿಲಿಗೆ ಬರಿಗೈಯಲ್ಲಿ ಮರಳುವವನನ್ನು ಕಂಡರೆ ನಾವು ಏನೆನ್ನಬೇಕು? ಅವನು ಕಾಲವನ್ನು ವ್ಯರ್ಥಮಾಡಿದನೇ? ಅಥವಾ ನಾವು ಅರಿಯದ ಏನನ್ನೋ ಗಳಿಸಿದನೇ?

ಈ ಪ್ರಶ್ನೆಯನ್ನು ಚಿಂತಿಸಲು, ಪ್ರಿಯ ಓದುಗರೇ, ನಿಮ್ಮನ್ನು ದೂರದ ಒಂದು ಊರಿಗೆ ಕರೆದೊಯ್ಯಬೇಕಾಗಿದೆ. ಅಮೆರಿಕದ ಅಯೋವಾ ರಾಜ್ಯದ ಪೂರ್ವದ ಅಂಚಿನಲ್ಲಿ, ಮಿಸಿಸಿಪ್ಪಿ ಮಹಾನದಿಯ ದಡದಲ್ಲಿ ಡುಬ್ಯೂಕ್ ಎಂಬ ಸಣ್ಣ ನಗರವಿದೆ. ಜನಸಂಖ್ಯೆ ಸುಮಾರು 60 ಸಾವಿರ. 1837ರಲ್ಲೇ ಧರ್ಮಪ್ರಾಂತ್ಯದ ಕೇಂದ್ರವಾದ ಊರಿದು. ಅಯೋವಾ ಎಂದರೆ ಮುಸುಕಿನ ಜೋಳದ ಸಮತಟ್ಟಾದ ಬಯಲು ಎಂಬುದು ಲೋಕದ ಭಾವನೆ. ಆದರೆ ಹಿಮಯುಗದ ಕೊನೆಯ ನೀರ್ಗಲ್ಲುಗಳು ಈ ಭಾಗವನ್ನು ಉಜ್ಜಿ ಮಟ್ಟಮಾಡದೆ ಬಿಟ್ಟದ್ದರಿಂದ ಇಲ್ಲಿ ಕಡಿದಾದ ಗುಡ್ಡಗಳೂ ಆಳವಾದ ಕಣಿವೆಗಳೂ ಉಳಿದುಕೊಂಡಿವೆ. ಬಿಡುವಿನ ದಿನಗಳಲ್ಲಿ ಈ ಏರಿಳಿತಗಳನ್ನು ಅರಸಿಕೊಂಡು ಸೈಕಲ್ ಸವಾರರು ಹೊರಡುತ್ತಾರೆ.

ಇದೇ ಊರಿನಲ್ಲಿ ಶ್ರಮವನ್ನು ತಪ್ಪಿಸಿಕೊಳ್ಳಲು ಹೊರಟ ಒಬ್ಬರ ಕಥೆಯೂ ಇದೆ. ಜೆ. ಕೆ. ಗ್ರೇವ್ಸ್ ಎಂಬ ಬ್ಯಾಂಕ್ ಒಡೆಯರ ಮನೆ ಗುಡ್ಡದ ಮೇಲಿತ್ತು, ಬ್ಯಾಂಕು ಕೆಳಗಿತ್ತು. ಮಧ್ಯಾಹ್ನ ಮನೆಗೆ ಹೋಗಿ ಊಟಮಾಡಿ ಅರ್ಧ ಗಂಟೆ ಮಲಗಬೇಕೆಂಬುದು ಅವರ ಆಸೆ. ಆದರೆ ಕುದುರೆಗಾಡಿ ಗುಡ್ಡವನ್ನು ಬಳಸಿಕೊಂಡು ಹೋಗಿಬರುವಷ್ಟರಲ್ಲೇ ಹೊತ್ತು ಕಳೆದುಹೋಗುತ್ತಿತ್ತು. ಅದಕ್ಕಾಗಿ ಅವರು 1882ರಲ್ಲಿ 296 ಅಡಿ ಉದ್ದದ ಹಳಿಗಳ ಮೇಲೆ 189 ಅಡಿ ಎತ್ತರಕ್ಕೆ ಏರುವ ಒಂದು ಏರುಬಂಡಿಯನ್ನೇ ಕಟ್ಟಿಸಿದರು! ಅಂದು ಒಬ್ಬರು ಏರುವ ಕಷ್ಟವನ್ನು ಹಣ ಕೊಟ್ಟು ತಪ್ಪಿಸಿಕೊಂಡರು. ಇಂದು ಅನೇಕರು ಅದೇ ಕಷ್ಟವನ್ನು ಹಣ ಕೊಟ್ಟು ಕೊಳ್ಳುತ್ತಾರೆ. ವಿಚಿತ್ರವೆನಿಸಿದರೂ ಇಬ್ಬರೂ ಹುಡುಕಿದ್ದು ಒಂದನ್ನೇ: ವಿಶ್ರಾಂತಿ. ದಣಿದ ದೇಹಕ್ಕೆ ನಿದ್ರೆ ವಿಶ್ರಾಂತಿಯಾದರೆ, ಕುಳಿತು ಕುಳಿತು ಬೇಸತ್ತ ದೇಹಕ್ಕೆ ದಣಿವೇ ವಿಶ್ರಾಂತಿ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹಾಲಿನ ಕ್ಯಾನುಗಳನ್ನು ತೂಗಹಾಕಿಕೊಂಡು ಸೈಕಲ್ ತುಳಿಯುವವನನ್ನು ನಾವು ಕಂಡಿದ್ದೇವೆ. ಅವನಿಗೆ ಏರುದಾರಿ ಹವ್ಯಾಸವಲ್ಲ, ಅನ್ನದ ದಾರಿ. ಜಗತ್ತಿನ ಕೋಟ್ಯಂತರ ಜನ ಹೊಟ್ಟೆಪಾಡಿಗಾಗಿ ಬೆವರು ಸುರಿಸುತ್ತಿರುವಾಗ, ಸಂತೋಷಕ್ಕಾಗಿ ಬೆವರು ಸುರಿಸುವುದು ಉಳ್ಳವರ ಚೆಲ್ಲಾಟವಲ್ಲವೇ?

ಉತ್ತರ ಹುಡುಕುತ್ತ ಡುಬ್ಯೂಕಿನಿಂದ ಪಶ್ಚಿಮಕ್ಕೆ ಹೋಗೋಣ. ಅಲ್ಲಿ ಹಳೆಯ ರೈಲುಮಾರ್ಗವೊಂದರ ಹಳಿಗಳನ್ನು ಕಿತ್ತು, ಸುಣ್ಣಕಲ್ಲಿನ ಪುಡಿ ಹಾಸಿ, ನಡೆಯುವವರಿಗೂ ಸೈಕಲ್ ಸವಾರರಿಗೂ ಹಾದಿ ಮಾಡಿದ್ದಾರೆ. ‘ಹೆರಿಟೇಜ್ ಟ್ರೇಲ್’ ಎಂಬ ಈ ಹಾದಿಯ ಉದ್ದ 26 ಮೈಲಿ, ಅಂದರೆ ಸುಮಾರು 42 ಕಿಲೋಮೀಟರ್. ರೈಲು ಏರಬೇಕಾಗಿದ್ದ ದಾರಿಯಾದ್ದರಿಂದ ಏರು ಬಹಳ ಮೆಲ್ಲನೆಯದು. ಮಕ್ಕಳೂ ವಯಸ್ಸಾದವರೂ ಸಾಗಬಲ್ಲರು. ಅದರ ಮತ್ತೊಂದು ತುದಿಯಲ್ಲಿ ಡೈಯರ್ಸ್‌ವಿಲ್ ಎಂಬ ಪುಟ್ಟ ಪಟ್ಟಣ. ಅಲ್ಲಿ 212 ಅಡಿ ಎತ್ತರದ ಎರಡು ಗೋಪುರಗಳಿರುವ ದೇವಾಲಯವಿದೆ. 1956ರಲ್ಲಿ ಅದು ಬಸಿಲಿಕವೆಂಬ ಗೌರವವನ್ನು ಪಡೆಯಿತು. ಅದರ ಪಾಲಕ ಸಂತರು ಯಾರೆಂದು ಬಲ್ಲಿರಾ? ನಾವು ಹಳೆ ಗೋವೆಗೆ ಹೋಗಿ ಯಾರ ಪವಿತ್ರ ಶರೀರಕ್ಕೆ ವಂದಿಸಿ ಬರುತ್ತೇವೆಯೋ, ಅದೇ ಸಂತ ಫ್ರಾನ್ಸಿಸ್ ಝೇವಿಯರರು!

ಸಂತ ಝೇವಿಯರರು 1541ರಲ್ಲಿ ಲಿಸ್ಬನ್ ಬಿಟ್ಟು ಹೊರಟವರು ಮತ್ತೆ ತಾಯ್ನೆಲಕ್ಕೆ ಮರಳಲಿಲ್ಲ. 1552ರಲ್ಲಿ ಚೀನಾದ ಹೊಸ್ತಿಲಲ್ಲಿದ್ದ ದ್ವೀಪವೊಂದರಲ್ಲಿ ಪ್ರಾಣಬಿಟ್ಟರು. ಮರಳದ ದಾರಿಯನ್ನು ಹಿಡಿದ ಸಂತರ ದೇವಾಲಯದ ಮುಂದೆ, ಮರಳುವ ದಾರಿಯಲ್ಲಿ ಬಂದವನು ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತಾನೆ. ಇವರಿಬ್ಬರನ್ನು ಹೋಲಿಸುವುದು ಉಚಿತವಲ್ಲ. ಆದರೆ ಗೃಹಸ್ಥರಾದ ನಮ್ಮಲ್ಲಿ ಹೆಚ್ಚಿನವರಿಗೆ ದೇವರು ಕೊಟ್ಟಿರುವುದು ಮರಳುವ ದಾರಿಯನ್ನೇ. ನಾವು ಎಷ್ಟು ದೂರ ಹೋದೆವು ಎಂಬುದಕ್ಕಿಂತ, ಮನೆಗೆ ಎಂತಹವರಾಗಿ ಮರಳಿದೆವು ಎಂಬುದೇ ನಮಗಿರುವ ಪರೀಕ್ಷೆ.

ಹಾಗಾದರೆ ವಿಶ್ರಾಂತಿಯನ್ನು ಅಳೆಯುವ ಅಳತೆಗೋಲು ಯಾವುದು? ಸಬ್ಬತ್ತಿನ ಆಜ್ಞೆಯನ್ನು ನೆನಪಿಸಿಕೊಳ್ಳಿ. ಅದು ‘ನೀನು ವಿಶ್ರಮಿಸು’ ಎಂದಷ್ಟೇ ಹೇಳಿ ಮುಗಿಯುವುದಿಲ್ಲ. ಮಗ, ಮಗಳು, ಆಳು, ದನಕರು, ಊರೊಳಗಿನ ಪರದೇಶಿ, ಎಲ್ಲರಿಗೂ ಆ ದಿನ ಬಿಡುವಿರಬೇಕೆಂದು ಎಣಿಸಿ ಎಣಿಸಿ ಹೇಳುತ್ತದೆ. ಇತರರ ಬೆನ್ನಿನ ಮೇಲೆ ಹೊರೆ ಹೊರಿಸಿ ಪಡೆದ ಬಿಡುವು ಸಬ್ಬತ್ತಲ್ಲ. ಯಜಮಾನನು ಭಾನುವಾರ ಮುಂಜಾನೆ ಹೊರಟು ಉಲ್ಲಾಸದಿಂದ ಮರಳಬಹುದು. ಆದರೆ ಅಷ್ಟು ಹೊತ್ತೂ ಮನೆಯಾಕೆ ಮಕ್ಕಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಬಲಿಪೂಜೆಗೆ ಒಬ್ಬಳೇ ಕರೆದೊಯ್ದು, ಬಂದು ಒಲೆ ಹಚ್ಚಿದ್ದರೆ, ಆ ಉಲ್ಲಾಸದ ಬೆಲೆಯನ್ನು ತೆತ್ತವರು ಯಾರು? ಈ ಪ್ರಶ್ನೆ ಅಯೋವಾದ ಸವಾರನಿಗೆ ಮಾತ್ರವಲ್ಲ. ಕ್ರಿಕೆಟ್ ಪಂದ್ಯವೆಂದೋ ಗೆಳೆಯರ ಕೂಟವೆಂದೋ ಹೊರಡುವ ನಮಗೂ ಸಲ್ಲುತ್ತದೆ. ನಮ್ಮ ಮನೆಗಳಲ್ಲಿ ಭಾನುವಾರವೇ ಇಲ್ಲದ ಒಬ್ಬ ವ್ಯಕ್ತಿ ಇದ್ದಾರೆಂದರೆ, ನಾವಿನ್ನೂ ಆ ಆಜ್ಞೆಯನ್ನು ಪಾಲಿಸಿಲ್ಲ ಎಂದೇ ಅರ್ಥ.

ಡುಬ್ಯೂಕಿನ ಉತ್ತರಕ್ಕೆ ಬಾಲ್‌ಟೌನ್ ಎಂಬ ಹಳ್ಳಿಯಿದೆ. ಅಲ್ಲಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ ಕಾರು, ಟ್ರಾಕ್ಟರು, ಸೈಕಲ್ ಎಲ್ಲವೂ ಜೊತೆಯಾಗಿ ಸಾಗಬೇಕು. ಏರಿನ ನೆತ್ತಿಯಾಚೆ ಏನಿದೆಯೋ ಕಾಣದು. ಹಿಂದಿನ ಕಾರು ಅರ್ಧ ನಿಮಿಷ ತಾಳಿದರೆ ಮುಂದಿರುವ ಸವಾರನು ಮನೆಗೆ ಮರಳುತ್ತಾನೆ, ತಾಳದಿದ್ದರೆ ಮರಳದಿರಲೂಬಹುದು. ಬಲಾಢ್ಯನಾದವನು ದುರ್ಬಲನಿಗಾಗಿ ಕಾಯುವುದು ಸೌಜನ್ಯ ಮಾತ್ರವೇ? ಅಲ್ಲ, ಅದು ಕೊಲೆ ಮಾಡಬೇಡ ಎಂಬ ಆಜ್ಞೆಯ ದಿನನಿತ್ಯದ ಪಾಲನೆ. ಆ ಹಳ್ಳಿಯಲ್ಲಿ 1852ರಿಂದ ನಡೆದುಬಂದಿರುವ ಬ್ರೈಟ್‌ಬಾಕ್ ಕುಟುಂಬದ ಭೋಜನಶಾಲೆಯಿದೆ. 2007ರ ಡಿಸೆಂಬರಿನಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ನೆರೆಹೊರೆಯವರು ಕೈಜೋಡಿಸಿ ಮತ್ತೆ ಕಟ್ಟಿದರು. 2008ರ ಅಕ್ಟೋಬರಿನಲ್ಲಿ ಅದು ಎರಡನೆಯ ಬಾರಿ ಸುಟ್ಟುಹೋಯಿತು, ಮತ್ತೆ ಕಟ್ಟಲಾಯಿತು. ಬಿಡುವಿನ ದಾರಿಯಲ್ಲಿ ಬಂದವನು ಅಲ್ಲಿ ಉಣ್ಣುವ ತುತ್ತಿನಲ್ಲಿ ಅನೇಕರ ಬಿಡುವಿಲ್ಲದ ದುಡಿಮೆ ಬೆರೆತಿದೆ. ಅದನ್ನು ಅರಿತು ಉಣ್ಣುವವನಿಗೆ ಬಿಡುವು ಚೆಲ್ಲಾಟವಾಗದು, ಕೃತಜ್ಞತೆಯಾಗುತ್ತದೆ.

ಮೂರನೆಯ ದಾರಿ ನೈಋತ್ಯಕ್ಕೆ, ಸುಮಾರು 20 ಕಿಲೋಮೀಟರ್ ದೂರದ ನ್ಯೂ ಮೆಲ್ಲರೆ ಮಠಕ್ಕೆ ಹೋಗುತ್ತದೆ. 1849ರಲ್ಲಿ ಐರ್ಲೆಂಡಿನಿಂದ ಬಂದ ಟ್ರಾಪಿಸ್ಟ್ ಸನ್ಯಾಸಿಗಳು ಅದನ್ನು ಸ್ಥಾಪಿಸಿದರು. ಆ ವರ್ಷವೇ ಇಲ್ಲಿಗೆ ಹೊರಟವರಲ್ಲಿ ಕೆಲವರು ದಾರಿಯಲ್ಲೇ ಕಾಲರಾ ರೋಗಕ್ಕೆ ಬಲಿಯಾದರು. ಈ ಸನ್ಯಾಸಿಗಳು 1999ರಿಂದ ಶವಪೆಟ್ಟಿಗೆಗಳನ್ನು ಮಾಡಿ ಜೀವನ ಸಾಗಿಸುತ್ತಿದ್ದಾರೆ. ತಮ್ಮದೇ ಕಾಡಿನ ಮರ, ತಮ್ಮದೇ ಕೈಕೆಲಸ, ಪ್ರತಿಯೊಂದು ಪೆಟ್ಟಿಗೆಗೂ ಆಶೀರ್ವಾದ. ಮಗುವನ್ನು ಕಳೆದುಕೊಂಡ ತಂದೆತಾಯಿಗಳಿಗೆ ಆ ಪುಟ್ಟ ಪೆಟ್ಟಿಗೆಯನ್ನು ಅವರು ಹಣ ಪಡೆಯದೆ ಕೊಡುತ್ತಾರೆ. ಪ್ರಾರ್ಥನೆಯ ಗಂಟೆ ಬಾರಿಸಿದಾಗ ಕೈಯಲ್ಲಿದ್ದ ಕೆಲಸವನ್ನು ಇಟ್ಟು ಎದ್ದು ಹೋಗುತ್ತಾರೆ. ದುಡಿಮೆಗೂ ಒಂದು ಗಂಟೆ, ನಿಲುಗಡೆಗೂ ಒಂದು ಗಂಟೆ. ಸೈಕಲ್ ಸವಾರನು ಇಲ್ಲಿ ಅರಿಯಬೇಕಾದದ್ದೇನು? ಅವನ ದಾರಿಗಳೆಲ್ಲ ಮನೆಗೆ ಮರಳುತ್ತವೆ, ಆದರೆ ಒಂದು ದಿನ ಮರಳದ ದಾರಿಯೂ ಬರುತ್ತದೆ. ದಿನಗಳು ಎಣಿಕೆಯವು ಎಂದು ತಿಳಿದವನು ಬಿಡುವನ್ನು ಪೋಲುಮಾಡುವುದಿಲ್ಲ, ಬಿಡುವಿಲ್ಲವೆಂದು ಬೀಗುವುದೂ ಇಲ್ಲ.

ಧರ್ಮಸಭೆ ಇಂತಹ ಸಂತೋಷವನ್ನು ಕೀಳಾಗಿ ಕಂಡಿಲ್ಲ. ಇಟಲಿಯ ಕೋಮೋ ಸರೋವರದ ಮೇಲಿನ ಗಿಸಾಲ್ಲೋ ಬೆಟ್ಟದ ಮಾತೆಯನ್ನು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1949ರಲ್ಲಿ ಸೈಕಲ್ ಸವಾರರ ಪಾಲಕಿಯೆಂದು ಘೋಷಿಸಿದರು. ಪ್ರಭು ಯೇಸುವೂ ಉಣ್ಣಲು ಸಹ ಬಿಡುವಿಲ್ಲದಿದ್ದ ಶಿಷ್ಯರನ್ನು ವಿಶ್ರಾಂತಿಗಾಗಿ ಏಕಾಂತ ಸ್ಥಳಕ್ಕೆ ಕರೆದರು. ಆದರೆ ಆ ಕಥೆಯ ಮುಂದಿನ ಭಾಗವನ್ನು ಮರೆಯದಿರೋಣ: ದಡ ಸೇರಿದಾಗ ಜನಸಮೂಹವೇ ಕಾದು ನಿಂತಿತ್ತು. ಪ್ರಭು ಸಿಡುಕಲಿಲ್ಲ, ಕನಿಕರಪಟ್ಟರು. ಕನಿಕರ ಎದುರಾದಾಗ ಜಾಗ ಬಿಟ್ಟುಕೊಡಬಲ್ಲ ವಿಶ್ರಾಂತಿಯೇ ನಿಜವಾದ ವಿಶ್ರಾಂತಿ.

ಆದ್ದರಿಂದ, ಓದುಗರೇ, ಬಿಡುವಿದ್ದಾಗ ಹೊರಡಿ, ಗುರಿಯಿಲ್ಲವೆಂದು ನಾಚಬೇಡಿ. ಆದರೆ ಮುಂದಿನ ಭಾನುವಾರ ಹೊರಡುವ ಮುನ್ನ ಅಡಿಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ‘ಈ ಹೊತ್ತು ನೀನು ಹೊರಡು, ಮನೆಯನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಲಾದೀತೇ ನೋಡಿ. ಎಲ್ಲಿಗೆಂದು ಮಾತ್ರ ಕೇಳಬೇಡಿ.