ಸೇಠರ ಮನೆಯ ಸಮಾಜವಾದ

ಆಸ್ತಿಯನ್ನು ಕೈಯಲ್ಲಿಟ್ಟುಕೊಂಡೇ ಸಮಾನತೆಯನ್ನು ನಂಬಬಹುದೇ? ಹೈದರಾಬಾದಿನ ಬದ್ರಿವಿಶಾಲ ಪಿತ್ತಿ ಅವರ ಬದುಕನ್ನು ಓದುವವರಿಗೆ ಈ ಪ್ರಶ್ನೆ ಎದುರಾಗದೆ ಇರದು.

1928ರಲ್ಲಿ ಹುಟ್ಟಿದ ಪಿತ್ತಿ ನಿಜಾಮರ ಕಾಲದ ದೊಡ್ಡ ಮಾರವಾಡಿ ವ್ಯಾಪಾರಿ ಮನೆತನದವರು. ಅವರ ಹಿರಿಯರಿಗೆ ‘ರಾಜಾ’ ಬಿರುದಿತ್ತು. ಅಂಥ ಮನೆಯಿಂದ ಬಂದವರು 1949ರಲ್ಲಿ ‘ಕಲ್ಪನಾ’ ಎಂಬ ಹಿಂದಿ ಸಾಹಿತ್ಯ ಪತ್ರಿಕೆ ಹೊರಡಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಒಡನಾಟಕ್ಕೆ ಬಿದ್ದರು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಮಹಾರಾಜಗಂಜ್ ಕ್ಷೇತ್ರ ಗೆದ್ದು ಆಂಧ್ರಪ್ರದೇಶ ವಿಧಾನಸಭೆಗೆ ಹೋದರು. ವ್ಯಾಪಾರಸ್ಥರು ಆಳುವ ಪಕ್ಷದ ನೆರಳು ಹುಡುಕುವುದು ರೂಢಿ. ಪಿತ್ತಿ ಆರಿಸಿಕೊಂಡದ್ದು ವಿರೋಧ ಪಕ್ಷವನ್ನು.

ಆಸ್ತಿ ಮತ್ತು ಸಮಾನತೆಯ ಈ ಪ್ರಶ್ನೆ ಕನ್ನಡಿಗರಿಗೆ ಹಳೆಯದು. ಬಸವಣ್ಣನೇ ಬಿಜ್ಜಳನ ಭಂಡಾರಿ. ಬಸವಣ್ಣನ ಕಲ್ಯಾಣವೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಶರಣರು ಸಿರಿ ತೊರೆದು ಕಾಡು ಸೇರೆಂದು ಹೇಳಲಿಲ್ಲ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಲಿ, ಕೊಟ್ಟೆನೆಂಬ ಹಮ್ಮು ಬೇಡ ಎಂದರು. ಕೊಡುವವರು ಸಿಗುತ್ತಾರೆ, ಆ ಹಮ್ಮು ಬಿಟ್ಟವರು ಅಪರೂಪ.

ಪಿತ್ತಿ ಆ ಅಪರೂಪದವರ ಸಾಲಿಗೆ ಸೇರುತ್ತಾರೆ ಎನ್ನಲು ಕಾರಣ ಚಿತ್ರಕಾರ ಎಂ.ಎಫ್. ಹುಸೇನರ ರಾಮಾಯಣ. ಟಾಟಾ, ಬಿರ್ಲಾಗಳ ದಿವಾನಖಾನೆಗೆ ಚಿತ್ರ ಬರೆದದ್ದು ಸಾಕು, ರಾಮಾಯಣ ಬರೆಯಿರಿ ಎಂದು ಹುಸೇನರಿಗೆ ಹೇಳಿದವರು ಲೋಹಿಯಾ, ದೇವರನ್ನು ನಂಬದ ಮನುಷ್ಯ. 1967ರ ಅಕ್ಟೋಬರಿನಲ್ಲಿ ಲೋಹಿಯಾ ತೀರಿಕೊಂಡರು. ಆ ಮಾತು ಮಾತ್ರ ಹುಸೇನರನ್ನು ಬಿಡಲಿಲ್ಲ. ಪಿತ್ತಿಯವರ ಆಸರೆಯಲ್ಲಿ, ವಾಲ್ಮೀಕಿ ಮತ್ತು ತುಳಸೀದಾಸರನ್ನು ಓದುತ್ತ, ಕಾಶಿಯ ಪಂಡಿತರೊಂದಿಗೆ ಚರ್ಚಿಸುತ್ತ ಅವರು ಸುಮಾರು 150 ಚಿತ್ರ ಬರೆದರು. ಆ ಕ್ಯಾನ್ವಾಸುಗಳನ್ನು ಎತ್ತಿನ ಗಾಡಿಯಲ್ಲಿ ಹಳ್ಳಿಗಳಿಗೆ ಒಯ್ದು ತೋರಿಸಿದ್ದನ್ನೂ, ಕಣ್ಣೆಲ್ಲಿ, ಮೂಗೆಲ್ಲಿ ಎಂದು ಹಳ್ಳಿಯವರು ಯಾರೂ ಕೇಳದಿದ್ದುದನ್ನೂ ಹುಸೇನರೇ ನೆನೆದಿದ್ದಾರೆ. ನಾಸ್ತಿಕನ ಸಲಹೆ, ಮುಸಲ್ಮಾನನ ಕುಂಚ, ಸೇಠರ ಸೂರು! ರಾಮಕಥೆ ನಮ್ಮದು ಎಂದು ಮೂವರಿಗೂ ಅನ್ನಿಸಿತ್ತು. ನಮ್ಮದೇ ಎಂದು ಯಾರೂ ಪಟ್ಟು ಹಿಡಿಯಲಿಲ್ಲ. ಅದನ್ನು ಇವತ್ತು ನೆನೆದರೆ ಮನಸ್ಸು ತುಂಬಿಬರುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ನಿಲ್ಲುತ್ತದೆ. ಪತ್ರಿಕೆಗೂ ಚಿತ್ರಕ್ಕೂ ಹಣ ಹರಿಯುವುದು ಬೇರೆ, ದುಡಿಯುವವನು ಒಡೆತನದಲ್ಲಿ ಪಾಲು ಪಡೆಯುವುದು ಬೇರೆ. ಮೊದಲನೆಯದು ಸೇಠರ ಮನಸ್ಸಿಗೆ ಬಿಟ್ಟದ್ದು, ಎರಡನೆಯದು ಹಕ್ಕು. ಲೋಹಿಯಾ ಬಯಸಿದ್ದು ಹಕ್ಕನ್ನು. 2003ರಲ್ಲಿ ತೀರಿಕೊಳ್ಳುವವರೆಗೂ ಪಿತ್ತಿ ಸಿರಿವಂತ ಮನೆತನದವರಾಗಿಯೇ ಉಳಿದರು, ಲೋಹಿಯಾವಾದಿಯಾಗಿಯೂ ಉಳಿದರು. ಇವೆರಡರ ನಡುವಿನ ಬಿರುಕನ್ನು ಅವರ ಔದಾರ್ಯ ಮುಚ್ಚಿಬಿಟ್ಟಿತು ಎನ್ನಲಾಗದು.